ಟವೆಲಿನಡಿಯ ಹಾರ್ಡ್‌ಡಿಸ್ಕ್

ಬರ ಬಿದ್ದ ಆ ವರ್ಷ ಔರಾದದ ದನದ ಸಂತೆಯಲ್ಲಿ ಮಾರುವವರಿದ್ದರು, ಕೊಳ್ಳುವವರಿರಲಿಲ್ಲ. ಹೀಗಾಗಿ ದಲಾಲ ಕಾಶೀರಾಮನನ್ನು ಕೇಳುವವರೇ ಇಲ್ಲವಾದರು. ಮಾರುವವನ ಕೈಮೇಲೆ ಟವೆಲು ಹಾಸಿ, ಅದರಡಿ ಬೆರಳು ಹಿಚುಕಿ ಲೆಕ್ಕ ಹೇಳುತ್ತ, ಯಾರಿಗೂ ಕೇಳಿಸದಂತೆ ಬೆಲೆ ಇಳಿಸುವುದರಲ್ಲಿ ಅವನದು ಎತ್ತಿದ ಕೈ. ಆ ಹೆಸರೂ ಇನ್ನು ಮರೆತುಹೋಗುತ್ತದೆಂದು ಅವನಿಗೆ ಒಳಗೊಳಗೇ ಸಂಕಟ.

ಅಷ್ಟರಲ್ಲಿ ಮಗಳು ಗಿರಿಜಾಬಾಯಿಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಪುಣೆ, ಹೈದರಾಬಾದಿಗೆ ದುಡಿಯಲು ಹೊರಟವರ ಮಕ್ಕಳಿಗೆ ಹಾಸ್ಟೆಲ್ ಅರ್ಜಿ ತುಂಬಿಕೊಡುವುದು ಅವಳ ಕೆಲಸ. ಹಾರ್ಡ್‌ಡಿಸ್ಕ್ ಹೋಗಿದೆ, ಬೇರೆ ಹಾಕಬೇಕು ಎಂದಳು. ಬಸ್ ಚಾರ್ಜು ಬಿಟ್ಟರೆ ಅವಳ ಕೈಯಲ್ಲಿದ್ದದ್ದು ಎರಡೂವರೆ ಸಾವಿರ. ಕಾಶೀರಾಮ ಟವೆಲು ಕೊಡವಿ ಹೆಗಲಿಗೇರಿಸಿ, ಅವಳಿಗಿಂತ ಮೊದಲೇ ಬೀದರ ಬಸ್ಸು ಹತ್ತಿ ಕುಳಿತ.

ಬೀದರಿನ ಮಕ್ಸೂದನ ಕಂಪ್ಯೂಟರ್ ಅಂಗಡಿಯಲ್ಲಿ ಹೊಸದಕ್ಕೆ ಮೂರು ಸಾವಿರ, ಬಳಸಿದ್ದಕ್ಕೆ ಅದರ ಅರ್ಧ. ಬಳಸಿದ್ದೇ ಸಾಕೆಂದಳು ಗಿರಿಜಾ. ಕಾಶೀರಾಮ ಅದನ್ನು ಹಿಂದೆ ಮುಂದೆ ತಿರುವಿ, ದನದಂತೆ ಹಲ್ಲು ಎಣಿಸಿ ವಯಸ್ಸು ತಿಳಿಯಲು ಬಾರದ ಮಾಲನ್ನು ನಂಬಬಾರದೆಂದು ಪಕ್ಕಕ್ಕಿಟ್ಟ. ಗ್ಯಾರಂಟಿ ಇರುವ ಹೊಸದೇ ಬೇಕೆಂದು ಮಕ್ಸೂದನ ಕೈಮೇಲೆ ಟವೆಲು ಹಾಸಿದ.

ಮಕ್ಸೂದನಿಗೆ ಬೆರಳಿನ ಲೆಕ್ಕ ಎಲ್ಲಿಂದ ಬರಬೇಕು? ಪಿಳಿಪಿಳಿ ಕಣ್ಣು ಬಿಟ್ಟ. ಕಾಶೀರಾಮ ಬೆರಳು ಹಿಚುಕಿದ, ತಲೆಯಾಡಿಸಿದ, ಸಿಟ್ಟು ಬಂದವನಂತೆ ಎರಡು ಸಲ ಎದ್ದು ನಿಂತ. ಮೂರನೆಯ ಸಲ, ಮುಷ್ಟಿಯಲ್ಲಿ ಬಚ್ಚಿಟ್ಟಿದ್ದ ತನ್ನ ಐದುನೂರರ ನೋಟನ್ನು ಮೆಲ್ಲಗೆ ಅವನ ಅಂಗೈಗೆ ತುರುಕಿದ. ಮಕ್ಸೂದ ನಕ್ಕು, ಆಗಲಿ ಚಾಚಾ, ಎರಡೂವರೆಗೇ ಒಯ್ಯಿರಿ ಎಂದ.

ಮನೆಯಲ್ಲಿ ಗಿರಿಜಾ ಸ್ಕ್ರೂ ಬಿಚ್ಚಿ ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ, ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿದಳು. ಡಬ್ಬಿಯೊಳಗಿದ್ದ ಬಿಲ್ಲಿನಲ್ಲಿ ಪೂರ್ತಿ ಮೂರು ಸಾವಿರವೆಂದಿತ್ತು; ಓದಿ ಮಡಚಿಟ್ಟಳು. ಓಣಿಯವರಿಗೆ ತನ್ನ ಪರಾಕ್ರಮ ಹೇಳುವ ಭರದಲ್ಲಿ ಕಾಶೀರಾಮ ಅತ್ತ ನೋಡಲೇ ಇಲ್ಲ.

ಮರುದಿನ ಪಕ್ಕದ ಮನೆಯ ಹಾವಗೆಪ್ಪ ಬಂದ.

"ಕಾಶೀರಾಮಣ್ಣ, ನಾಳಿ ನನ್ನ ಜೋಡಿ ಬೀದರಕ ಬರ್ರಿ. ಹನ್ನೆರಡು ಸಾವಿರದ ಫೋನ್ ಅದ, ನಿಮ್ಮ ಕೈಲಿ ಹತ್ತಕ್ಕ ಇಳಸ್ರಿ."

ಕಾಶೀರಾಮ ಪೇಚಿಗೆ ಸಿಕ್ಕಿದ. ಒಲ್ಲೆನೆಂದರೆ ಹೆಸರು ಹೋಗುತ್ತದೆ, ಹೂಂ ಎಂದರೆ ಎರಡು ಸಾವಿರ ಎಲ್ಲಿಂದ ತರುವುದು? ಹೆಗಲ ಮೇಲಿನ ಟವೆಲು ತೆಗೆದು ಮತ್ತೆ ಮತ್ತೆ ಕೊಡವತೊಡಗಿದ.

ಗಿರಿಜಾ ಅರ್ಜಿ ತುಂಬುತ್ತ, ತಲೆ ಎತ್ತದೆ ಹೇಳಿದಳು: "ಕಾಕಾ, ನಮ್ಮಪ್ಪ ಇಂಥ ವ್ಯಾಪಾರ ಮಗಳ ಸಲುವಾಗಿ ಅಷ್ಟೇ ಮಾಡ್ತಾನ್ರಿ. ಬ್ಯಾರೆಯವ್ರಿಗಿ ಮಾಡಂಗಿಲ್ಲ."

ಇದೂ ಒಂದು ದೊಡ್ಡಸ್ತಿಕೆಯೇ ಇರಬೇಕೆಂದು ಹಾವಗೆಪ್ಪ ಗೌರವದಿಂದಲೇ ಎದ್ದು ಹೋದ. ಮಗಳಿಗೆ ಎಲ್ಲ ತಿಳಿದಿದೆಯೆಂದು ಕಾಶೀರಾಮನಿಗೆ ಹೊಳೆದದ್ದು ಆಗ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸುಖವಾಯಿತು.