ಎಡಕ್ಕೆ ಬಾಗಿದ ಮರ

"ಆ ಕಡೆ ಬೇಡ, ಈ ಕಡೆ ಬಾ. ಬಲ ಹೆಗಲು ಕೊಡು," ಎಂದ ಅಣ್ಣ.

ಶವಪೆಟ್ಟಿಗೆ ಆಗಲೇ ಮೇಜಿನಿಂದ ಎದ್ದಿತ್ತು. ಮಗಳು ಮುಂದಿನ ಮೂಲೆಗೆ ಎಡ ಹೆಗಲು ಕೊಟ್ಟು ನಿಂತಿದ್ದಳು; ಅಪ್ಪನ ಭಾರವೂ ಬಿದ್ದಾಗಿತ್ತು. ಹೊತ್ತ ಮೇಲೆ ಜಾಗ ಬದಲಿಸು ಅನ್ನುವವನಿಗೆ ಏನು ಹೇಳುವುದು? ಬೆಳಗ್ಗೆಯಿಂದ ಅವನದು ಇದೇ ಆಗಿತ್ತು. ಯಾರು ಎಲ್ಲಿ ನಿಲ್ಲಬೇಕು, ಯಾರ ಚಪ್ಪಲಿ ಎಲ್ಲಿರಬೇಕು, ಯಾರು ಎಷ್ಟು ಅಳಬೇಕು. ತನ್ನ ಅಂಗಡಿಯಲ್ಲಿ ಟೈರು ಜೋಡಿಸಿದ ಹಾಗೆ ಸಾವನ್ನೂ ಸೈಜು ನೋಡಿ ಜೋಡಿಸುತ್ತಿದ್ದ.

"ನನಗೆ ಎಡ ಹೆಗಲೇ ಸಲೀಸು."

"ಇವತ್ತಾದ್ರೂ ಹಟ ಬಿಡಬಾರ್ದೇನೆ?"

ಅವಳು ಬಿಡಲಿಲ್ಲ. ಹೆಜ್ಜೆ ಮುಂದಿಟ್ಟೇಬಿಟ್ಟಳು. ಉಳಿದವರು ವಿಧಿಯಿಲ್ಲದೆ ಹಿಂದೆ ಬಂದರು.

ಬಾಗಿಲಾಚೆ ಬೆಂಚಿನ ಮೇಲೆ ಅಪ್ಪನ ಎರಡು ಬಂದೂಕುಗಳನ್ನು ಇಟ್ಟಿದ್ದರು. ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ತೂರಿ ಹೊಡೆಯುವ ಆಟದವರದು ಅದೊಂದು ಪದ್ಧತಿ. ತಮ್ಮವನೊಬ್ಬ ಸತ್ತರೆ ಅವನ ಬಂದೂಕನ್ನು ನಡುವಿನಿಂದ ಮಡಿಸಿ ತೆರೆದು, ಖಾಲಿ ನಳಿಕೆಗಳು ಎಲ್ಲರಿಗೂ ಕಾಣುವ ಹಾಗೆ ಬಾಗಿಲಲ್ಲಿಡಬೇಕು. ಪೆಟ್ಟಿಗೆ ಅವುಗಳ ಮುಂದೆ ಹಾದು ಹೋಗಬೇಕು. ಅಪ್ಪ ಆಸ್ಪತ್ರೆ ಸೇರಿದ ವಾರವೇ ಅಣ್ಣ ಅವೆರಡನ್ನೂ ಮಾರಲೆಂದು ಬಂದೂಕಿನಂಗಡಿಗೆ ಕೊಟ್ಟುಬಿಟ್ಟಿದ್ದ. ಲೈಸೆನ್ಸ್ ಇದ್ದವನು ಹಾಸಿಗೆ ಹಿಡಿದ ಮೇಲೆ ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ ಎಂದಿದ್ದ. ಇವತ್ತಿನ ಮಟ್ಟಿಗೆ ಅಂಗಡಿಯವನೇ ತಂದು, ಪಕ್ಕದಲ್ಲಿ ಕಾವಲು ನಿಂತಿದ್ದ.

ಅವಳು ಓರೆಗಣ್ಣಿನಿಂದ ನೋಡಿದಳು. ಹಳೆಯ ಬಂದೂಕಿನ ಮರದ ಕುತ್ತಿಗೆಗೆ ತಂತಿ ಸುತ್ತಿತ್ತು. ಇನ್ನೊಂದು ಹೊಸದರ ಹಾಗೆ ಹೊಳೆಯುತ್ತಿತ್ತು. ಎರಡನ್ನೂ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿ ಇವತ್ತಿನದಲ್ಲ.

*

ಆಗ ಅವಳಿಗೆ ಹದಿನೈದು. ಭಾನುವಾರ ಬಂತೆಂದರೆ ಅಪ್ಪ ಬಸ್ಸಿನ ಖಾಕಿ ಕಳಚಿ ಜೇಬುಗಳ ಕೋಟು ತೊಟ್ಟು ಅವಳನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ಅಣ್ಣನಿಗೆ ಸದ್ದು ಕೇಳಿದರೆ ತಲೆನೋವು. ಅವಳಿಗೆ ಆ ಸದ್ದೆಂದರೆ ಪ್ರಾಣ. ಉರಿದ ತೋಟಾದ ವಾಸನೆ ಬೆರಳಿನಿಂದ ಹೋಗದಿರಲೆಂದು ಕೈ ತೊಳೆಯದೆ ಊಟಕ್ಕೆ ಕೂತು ಅಮ್ಮನಿಂದ ಬೈಸಿಕೊಳ್ಳುತ್ತಿದ್ದಳು.

ತೊಂದರೆ ಒಂದೇ. ಅವಳು ಎಡಚಿ. ಬಲ ಹೆಗಲಿಗಿಟ್ಟು ಹೊಡೆಯುವವರಿಗೆ ಬಂದೂಕಿನ ಹಿಂದಿನ ಮರ ಒಂದು ನೂಲು ಬಲಕ್ಕೆ ಬಾಗಿರುತ್ತದೆ. ಹಾಗಿದ್ದರೇ ಕಣ್ಣು ನಳಿಕೆಯ ನೇರಕ್ಕೆ ಬರುವುದು. ಎಡಚರಿಗೆ ಅದು ಎಡಕ್ಕೆ ಬಾಗಿರಬೇಕು. ಅಪ್ಪನ ಎರಡೂ ಬಂದೂಕು ಬಲಕ್ಕೆ. ಯಾರೂ ನೋಡದಾಗ ಅವಳು ಎಡ ಹೆಗಲಿಗಿಟ್ಟು, ಕತ್ತು ಸೊಟ್ಟಗೆ ಮಾಡಿ ಹೊಡೆದರೂ ಬಿಲ್ಲೆ ಪುಡಿಯಾಗುತ್ತಿತ್ತು. ಅಪ್ಪ ಕಂಡರೆ ಬಂದು ಬಂದೂಕನ್ನು ಬಲಕ್ಕೆ ದೂಡುತ್ತಿದ್ದರು.

ದೊಡ್ಡ ಪಂದ್ಯದ ದಿನ ಅಪ್ಪ ಬೆನ್ನ ಹಿಂದೆಯೇ ನಿಂತಿದ್ದರು. ಬಲ ಹೆಗಲಿಗಿಟ್ಟು ಹೊಡೆದಳು. ಬಿಲ್ಲೆಗಳು ಒಂದರ ಹಿಂದೊಂದು ಸುಖವಾಗಿ ಹಾರಿ ಹೋಗಿ ಹುಲ್ಲಿನ ಮೇಲೆ ಬಿದ್ದವು. ಹಿಂದೆ ಯಾರೋ ನಕ್ಕರು. ಅವಳು ತಿರುಗಿ, ಎಡ ಹೆಗಲಿಗೆ ತಕ್ಕ ಹಾಗೆ ಮರವನ್ನು ಒಂಚೂರು ಬಾಗಿಸಿ ಕೊಡಿ ಎಂದು ಎಲ್ಲರೆದುರು ಕೇಳಿಯೇಬಿಟ್ಟಳು.

"ಬಂದೂಕು ನಿನಗೋಸ್ಕರ ಬಗ್ಗಲ್ಲ," ಎಂದರು ಅಪ್ಪ. "ನೀನೇ ಬಗ್ಗಬೇಕು."

ಬಂದೂಕನ್ನು ಅವರ ಕೈಗೆ ತುರುಕಿ ಹೊರಟವಳು ಮತ್ತೆ ಆ ಮೈದಾನಕ್ಕೆ ಕಾಲಿಡಲಿಲ್ಲ. ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದಲ್ಲಿ ತನಗೆಂದೇ ಒಂದು ಎಡಗೈ ಕತ್ತರಿ ಕೊಂಡಳು.

*

ಸ್ಮಶಾನದಲ್ಲಿ ಮಣ್ಣು ಹಾಕುವವರೆಗೆ ಎಲ್ಲರೂ ಅಪ್ಪನ ತಾಳ್ಮೆಯನ್ನೇ ಹೊಗಳಿದರು. ಅವರ ಬಸ್ಸಿನ ಕಂಡಕ್ಟರಾಗಿದ್ದವನು, ಆ ಬಸ್ಸಿನಲ್ಲಿ ಜನ ನಿಂತುಕೊಂಡೇ ನಿದ್ದೆ ಹೋಗುತ್ತಿದ್ದರು, ಒಂದು ದಿನವೂ ಜೋರಾಗಿ ಬ್ರೇಕ್ ಹಾಕಿದವರಲ್ಲ ಎಂದು ಕಣ್ಣೊರೆಸಿಕೊಂಡ. ಮಗಳು ಹಲ್ಲು ಕಚ್ಚಿ ಕೇಳಿಸಿಕೊಂಡಳು. ಊರವರಿಗೆಲ್ಲ ನಿಧಾನ, ಮನೆಯವರಿಗೆ ಮಾತ್ರ ಧಡಕ್ಕನೆ ಬ್ರೇಕು.

ಮನೆಗೆ ಬಂದು ಕೈಕಾಲು ತೊಳೆಯುವಾಗ ಅಂಗಳದಲ್ಲಿ ಅಂಗಡಿಯವನು ಅಣ್ಣನಿಗೆ ಹೊಳೆಯುವ ಬಂದೂಕನ್ನು ತೋರಿಸುತ್ತಿದ್ದ. ಗಿರಾಕಿ ಒಪ್ಪಿದ್ದಾನೆ, ನಾಳೆಯೇ ಒಯ್ಯುತ್ತಾನೆ ಎನ್ನುತ್ತಿದ್ದ. ಹಳೆಯದನ್ನು ಮಾತ್ರ ಯಾರೂ ಮೂಸಿಯೂ ನೋಡುವುದಿಲ್ಲವಂತೆ, ಮರ ಸೀಳಿದೆಯಂತೆ.

"ಇದಕ್ಕೂ ಸ್ವಲ್ಪ ಕೆಲಸ ಹಿಡೀತು ಸಾರ್," ಎಂದ. "ಮರ ಉಲ್ಟಾ ತಿರುಗಿತ್ತಲ್ಲ. ಎಣ್ಣೆ ಕಾಯಿಸಿ ಹೊಯ್ದು, ಮೊದಲಿದ್ದ ಹಾಗೆ ಬಲಕ್ಕೆ ತಂದಿದೀನಿ."

ಮಗಳ ಕೈಯಿಂದ ತಂಬಿಗೆ ಜಾರಿತು.

"ಉಲ್ಟಾ ಅಂದ್ರೆ?"

ಅವನು ಹೆಮ್ಮೆಯಿಂದಲೇ ವಿವರಿಸಿದ. ಎಡಚರಿಗೆ ಮಾಡುವ ಹಾಗೆ ಯಾರೋ ಮನೆಯಲ್ಲೇ ಎಡಕ್ಕೆ ಬಾಗಿಸಿದ್ದರು. ಉದ್ದವನ್ನೂ ಕಡಿಮೆ ಮಾಡಿದ್ದರು, ನಿಮ್ಮಷ್ಟು ಎತ್ತರದವರಿಗೆ ಸರಿಹೋಗುವಷ್ಟು. ಅಂಗಡಿಯವರ ಕೈಚಳಕವಲ್ಲ, ಆದರೆ ಕಾಟಾಚಾರದ ಕೆಲಸವೂ ಅಲ್ಲ.

"ಮನೇಲಿ ಎಡಚರು ಇದಾರಾ ಅಂತ ಕೇಳಿದೆ," ಎಂದ. "ಯಾರೂ ಇಲ್ಲ ಅಂದ್ರು ನಿಮ್ಮಣ್ಣ."

*

ಹೋದ ವರ್ಷ ಅಮ್ಮ ಫೋನಿನಲ್ಲಿ ನಗುತ್ತಾ ದೂರಿದ್ದಳು: "ನಿಮ್ಮಪ್ಪನಿಗೆ ತಲೆ ಕೆಟ್ಟಿದೆ ಕಣೆ. ಬಂದೂಕಿಗೆ ಬಿಸಿ ಎಣ್ಣೆ ಸ್ನಾನ ಮಾಡಿಸ್ತಾ ಕೂತಿದಾರೆ. ಅಡುಗೆಮನೆಯೆಲ್ಲ ಅಗಸೆ ಎಣ್ಣೆ ನಾತ." ಆಮೇಲೆ, ಎಂದೂ ಫೋನ್ ಮುಟ್ಟದ ಅಪ್ಪ ಅಮ್ಮನ ಕೈಯಿಂದ ಅದನ್ನು ತೆಗೆದುಕೊಂಡಿದ್ದರು. ಹೇಗಿದೀಯ ಎಂದು ಕೇಳಲಿಲ್ಲ.

"ಈಗಲೂ ಎಡಗೈಯಲ್ಲೇ ಕತ್ತರಿ ಹಿಡೀತೀಯಾ?"

ಇಷ್ಟು ವರ್ಷದ ಮೇಲೂ ಅದೇ ಚುಚ್ಚುಮಾತಾ ಎಂದು ಅವಳಿಗೆ ಪಿತ್ತ ನೆತ್ತಿಗೇರಿತ್ತು. "ಹೂಂ. ನನ್ನ ಕೈ ಬದಲಾಗಲ್ಲ," ಎಂದು ಫೋನ್ ಕಟ್ ಮಾಡಿದ್ದಳು. ಆಸ್ಪತ್ರೆಯಲ್ಲಿ ಕಂಡಾಗ ಅಪ್ಪನ ಬಾಯಲ್ಲಿ ಉಸಿರಾಟದ ಕೊಳವೆ ಇತ್ತು.

*

ಅವಳು ಬಂದೂಕನ್ನು ಕಿತ್ತುಕೊಂಡು ಎಡ ಹೆಗಲಿಗೇರಿಸಿದಳು. ಉದ್ದ ಸರಿಯಾಗಿತ್ತು. ಕೆನ್ನೆಯೂ ಕೂತಿತು. ಕಣ್ಣಿಗೆ ಮಾತ್ರ ನಳಿಕೆಯ ನೇರ ಸಿಗಲಿಲ್ಲ. ಅದರ ಮಗ್ಗುಲು ಕಂಡಿತು, ಹದಿನೈದರಲ್ಲಿ ಕಂಡ ಹಾಗೆಯೇ.

"ಎಡಚರು ಯಾರೂ ಇಲ್ಲ ಅಂದ್ಯಾ?" ಎಂದಳು. ಧ್ವನಿ ಏರಲಿಲ್ಲ. "ಬೆಳಗ್ಗೆ ತಾನೆ ಬಲ ಹೆಗಲು ಕೊಡು ಅಂತ ಜಗಳ ಆಡಿದ್ಯಲ್ಲ, ಯಾರ ಹತ್ರ?"

ಅಣ್ಣನ ಮುಖ ಕೆಂಪಾಯಿತು. ನೀನು ಬಂದೂಕು ಬಿಟ್ಟು ಎಷ್ಟು ಕಾಲವಾಯಿತು, ನಿನ್ನ ನೆನಪೇ ಬರಲಿಲ್ಲ, ಅಪ್ಪನಿಗೆ ವಯಸ್ಸಾಗಿ ಕೈ ತಪ್ಪಿ ಹಾಳು ಮಾಡಿರಬೇಕು ಅಂದುಕೊಂಡೆ ಎಂದ. ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಬೇಕೆಂದೇ ಮಾಡಿದ್ದರೆ ಕೆನ್ನೆಗೆ ಎರಡು ಬಿಡಬಹುದಿತ್ತು. ಮರೆತವನಿಗೆ ಏನು ಮಾಡುವುದು?

"ಇದು ನನ್ನದು," ಎಂದಳು.

ಲೈಸೆನ್ಸ್ ಇಲ್ಲದವರಿಗೆ ಕೊಡುವ ಹಾಗಿಲ್ಲ ಮೇಡಂ ಎಂದು ಅಂಗಡಿಯವನು ಕೈ ಚಾಚಿದ. ಅವಳು ಕೊಡಲಿಲ್ಲ.

"ಮರಕ್ಕೆ ಲೈಸೆನ್ಸ್ ಬೇಕಾ?"

"ಬರೀ ಮರಕ್ಕೆ ಯಾರು ಕೇಳ್ತಾರೆ?"

"ಹಾಗಾದ್ರೆ ಬಿಚ್ಚಿ."

ಅಣ್ಣ ಅಡ್ಡ ಬಂದ. ಗಿರಾಕಿಗೆ ಮಾತು ಕೊಟ್ಟಾಗಿದೆ, ಮರ ಇಲ್ಲದ ಬಂದೂಕನ್ನು ಯಾರು ತಗೋತಾರೆ ಎಂದ.

"ಯಾರೂ ತಗೋಬಾರ್ದು. ನಾನು ಲೈಸೆನ್ಸ್ ಮಾಡಿಸ್ಕೊಂಡು ಬರೋ ತನಕ ಆ ಕಬ್ಬಿಣ ಅಂಗಡೀಲಿ ಬಿದ್ದಿರ್ಲಿ," ಎಂದು ಅಂಗಡಿಯವನ ಕಡೆ ತಿರುಗಿದಳು. "ಬಿಚ್ತೀರೋ, ನಾನೇ ಬಿಚ್ಲೋ?"

ಮಣ್ಣಿಗೆ ಬಂದವರೆಲ್ಲ ನೋಡುತ್ತಿದ್ದರು. ಅಂಗಡಿಯವನು ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡಿದ. ಅಂಗಡಿಯವನು ಮರದ ಹಿಂದಿನ ರಬ್ಬರ್ ತಟ್ಟೆ ತೆಗೆದು, ತೂತಿನೊಳಗೆ ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿ ತಿರುಗಿಸಿದ. ಮರ ಕಳಚಿಕೊಂಡಿತು.

*

ಅಡುಗೆಮನೆಯ ಕಟ್ಟೆಗೆ ಅಪ್ಪ ಬಿಗಿದ, ಮರವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಹಿಡಿಕೆ ಇನ್ನೂ ಅಲ್ಲೇ ಇತ್ತು. ಅಮ್ಮ ಬೈದು ಬೈದು ಸಾಕಾಗಿ, ಅದಕ್ಕೆ ಮಸಿಬಟ್ಟೆ ನೇತುಹಾಕಲು ಶುರುಮಾಡಿದ್ದಳು. ಈಗ ಬಟ್ಟೆ ತೆಗೆದು, ಏನೂ ಕೇಳದೆ ಒಲೆ ಹಚ್ಚಿ ಎಣ್ಣೆಯಿಟ್ಟಳು. ಮಗಳು ಮರದ ಎಡ ಮಗ್ಗುಲು ಕೆಳಗೆ ಬರುವ ಹಾಗಿಟ್ಟು ಬಿಗಿದಳು.

"ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ ಅವರು?" ಎಂದಳು. "ಒಂದೇ ಒಂದು ಮಾತು."

"ಮಾತು ಬರ್ತಿದ್ರೆ ಎಣ್ಣೆ ಯಾಕೆ ಕಾಯಿಸ್ತಿದ್ರು?" ಎಂದಳು ಅಮ್ಮ. ಮರದ ಕುತ್ತಿಗೆಗೆ ಬಟ್ಟೆ ಸುತ್ತಿ, ಸೌಟಿನಿಂದ ಬಿಸಿ ಎಣ್ಣೆ ಹೊಯ್ಯತೊಡಗಿದಳು. "ಅವಸರ ಮಾಡ್ಬೇಡ. ಕಲಿಯೋಕೆ ಅಂತ ನಿಮ್ಮಪ್ಪ ಮೊದಲು ತಮ್ಮ ಹಳೇ ಬಂದೂಕಿಗೆ ಹೊಯ್ದರು. ಅದು ಸೀಳ್ತು. ಅವತ್ತು ಊಟ ಮಾಡ್ಲಿಲ್ಲ."

ಬೆಂಚಿನ ಮೇಲಿದ್ದ ಹಳೆಯ ಬಂದೂಕಿನ ತಂತಿ ಮಗಳ ಕಣ್ಣಿಗೆ ಕಟ್ಟಿತು. ಅಪ್ಪ ಕೈಬಿಡದೆ ಆಯುಷ್ಯವಿಡೀ ಹೊಡೆದ ಬಂದೂಕು ಅದು. ಅವಳು ಕಟ್ಟೆಯ ಅಂಚು ಹಿಡಿದು, ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾ ಅತ್ತಳು. ಅಮ್ಮ ಸೌಟು ನಿಲ್ಲಿಸಲಿಲ್ಲ.

ಅಣ್ಣ ಬಾಗಿಲಲ್ಲಿ ಬಂದು ನಿಂತಿದ್ದ. ಕೈಯಲ್ಲಿ ಅಪ್ಪನ ತೋಟಾ ಚೀಲವಿತ್ತು. ಸೀಸದ ಗುಂಡು ತುಂಬಿ, ಮರ ಬಾಗಿಸುವ ಭಾರಕ್ಕೆಂದೇ ಅಪ್ಪ ಮೂಲೆಯಲ್ಲಿಟ್ಟಿದ್ದ ಚೀಲ.

"ಇದನ್ನ ಎಲ್ಲಿ ನೇತುಹಾಕ್ಲಿ?"

ಅವಳು ಅವನ ಮುಖ ನೋಡಲಿಲ್ಲ. ಮರದ ತುದಿಯನ್ನು ಎಡಗೈಯಿಂದ ತೋರಿಸಿದಳು. ಅವನು ಬಗ್ಗಿ ಪಟ್ಟಿ ಸಿಕ್ಕಿಸಿ, ಮೆಲ್ಲಗೆ ಕೈ ಬಿಟ್ಟ. ಬಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೂವರೂ ನೋಡುತ್ತಿದ್ದ ಹಾಗೆ, ಚೀಲ ಕೂದಲೆಳೆಯಷ್ಟು ಕೆಳಗಿಳಿಯಿತು.