ಆಷಾಢದ ಸೂಜಿ

ಗಂಜಾಂನ ಸಣ್ಣ ರಾಮರ ಗುಡಿಯಲ್ಲಿ ಪೂಜೆ ದಾಯಾದಿಗಳ ನಡುವೆ ಸರದಿಯ ಮೇಲೆ ನಡೆಯುತ್ತದೆ. ಶಾಮಣ್ಣನವರಿಗೆ ಶ್ರಾವಣ ಸಿಗುವುದು ಎರಡು ವರ್ಷಕ್ಕೊಮ್ಮೆ. ಹೋದ ಸರದಿಯಲ್ಲಿ ಫ್ಲೂ ಜ್ವರ ಎದೆಗಿಳಿದು, ಶ್ರಾವಣವೆಲ್ಲ ಮೈಸೂರಿನ ಆಸ್ಪತ್ರೆಯಲ್ಲೇ ಕಳೆಯಿತು. ಆ ಖರ್ಚಿಗೆ ಹೆಂಡತಿ ಭಾಗೀರಥಮ್ಮನ ಬಳೆಗಳು ಹೋದವು, ಮಂಗಳಾರತಿ ತಟ್ಟೆಯ ಕಾಸು ತಮ್ಮನ ಪಾಲಾಯಿತು. ಅದಾದರೂ ಹೋಗಲಿ, ರಾಮನ ಮುಂದೆ ನಿಲ್ಲಲಾಗಲಿಲ್ಲವಲ್ಲ ಎಂಬುದೇ ಅವರಿಗೆ ಕೊರಗು. ಎಪ್ಪತ್ತು ದಾಟಿದ ಜೀವ, ಇನ್ನೆಷ್ಟು ಶ್ರಾವಣ ಉಂಟೋ ಬಲ್ಲವರಾರು.

ಹೋದ ವರ್ಷ ಡಾಕ್ಟರ ಮಾತು ಕೇಳಿ ಫ್ಲೂ ಸೂಜಿ ಹಾಕಿಸಿಕೊಂಡರು. ಜ್ವರ ಬರಲಿಲ್ಲ. ಈ ವರ್ಷ ಮತ್ತೆ ಅವರ ಸರದಿ. ಆಷಾಢಕ್ಕೇ ಊರಲ್ಲಿ ಕೆಮ್ಮು ಶುರುವಾದರೂ ಶಾಮಣ್ಣ ಸೂಜಿಗೆ ಕದಲಲಿಲ್ಲ.

“ಹೋದ ವರ್ಷ ಹಾಕಿಸಿಕೊಂಡಿದ್ದೀನಲ್ಲೇ. ಅದೇ ಸೂಜಿಗೆ ಮತ್ತೆ ಎರಡು ಸಾವಿರ ಸುರೀಬೇಕಾ?”

“ಹೋದ ವರ್ಷದ ಪಂಚಾಂಗ ಇಟ್ಕೊಂಡು ಈ ವರ್ಷದ ಏಕಾದಶಿ ಮಾಡ್ತೀರೇನ್ರೀ?” ಎಂದರು ಭಾಗೀರಥಮ್ಮ. “ಜ್ವರ ವರ್ಷವರ್ಷ ವೇಷ ಬದಲಾಯಿಸುತ್ತಂತೆ. ಮದ್ದೂ ಹೊಸದೇ ಬರುತ್ತಂತೆ.”

“ಹೊಸದಾದರೆ ಆಷಾಢದಲ್ಲಿ ಬೇಡ. ಶ್ರಾವಣ ಹುಟ್ಟಲಿ.”

“ಮೈಗೆ ಹತ್ತೋಕೆ ಹದಿನೈದು ದಿನ ಬೇಕಂತೆ. ಅಷ್ಟರಲ್ಲಿ ಅರ್ಧ ಸರದಿ ಮುಗಿದಿರುತ್ತೆ.”

ಆಟೋ ಓಡಿಸುವ ವಜೀರ್ ಪಾಷಾ ಜಗಲಿಯಲ್ಲಿ ಕೂತಿದ್ದ. ಹೋದ ಸರದಿಯಲ್ಲಿ ಏದುಸಿರಿನ ಶಾಮಣ್ಣನವರನ್ನು ಮೈಸೂರಿಗೆ ಮುಟ್ಟಿಸಿದವನೂ ಅವನೇ.

“ಐನೋರೆ, ಒಂದ್ ಇತ್ಯರ್ಥ ಮಾಡ್ಬುಡಿ,” ಎಂದ. “ಸೂಜಿ ಹಳೇದಾದ್ರೆ ಆಸಾಡದ ದೋಸ ಇಲ್ಲ, ನಡೀರಿ. ಹೊಸ್ದಾದ್ರೆ ಹೋದೊರ್ಸದ್ದು ಲೆಕ್ಕಕ್ಕಿಲ್ಲ, ಆಗ್ಲೂ ನಡೀರಿ. ಆಟೋ ಇಲ್ಲೇ ನಿಂತದೆ.”

ಭಾಗೀರಥಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಶಾಮಣ್ಣ ಮೂರನೆಯ ದಾರಿಗಾಗಿ ಸ್ವಲ್ಪ ಹೊತ್ತು ತಡಕಾಡಿ, ಶಲ್ಯ ಹೊದ್ದು ಎದ್ದರು.

ಆಟೋದಲ್ಲಿ ಅವರಿಗೆ ಹೊಸ ಅನುಮಾನ ಹುಟ್ಟಿತು. “ಅಲ್ವೋ ಪಾಷಾ, ಹೋದ ವರ್ಷ ಜ್ವರ ಬರಲಿಲ್ಲ ಸರಿ. ಸೂಜಿಯಿಂದಲೇ ಅಂತ ಹೇಗೆ ಹೇಳೋದು? ರಾಮನೇ ಕಾಯ್ದಿರಬಹುದಲ್ಲ?”

“ಅದ್ಕೂ ಮುಂಚೆ ಜ್ವರ ಬಂದಾಗ ರಾಮ ಇರ್ನಿಲ್ವಾ ಐನೋರೆ?”

“ಇದ್ದ,” ಎಂದರು ಶಾಮಣ್ಣ. ಬಹಳ ದೂರ ಹೋದ ಮೇಲೆ ಮತ್ತೆ, “ಇದ್ದನಲ್ಲ,” ಎಂದು ತಮ್ಮಷ್ಟಕ್ಕೇ ಅಂದುಕೊಂಡರು.

ಸೂಜಿಯಾಯಿತು, ಶ್ರಾವಣ ಬಂತು. ಕೆಮ್ಮುವವರೂ ಬಂದರು, ತೀರ್ಥ ತೆಗೆದುಕೊಂಡು ಹೋದರು. ಕಡೆಯ ಶನಿವಾರದವರೆಗೂ ಶಾಮಣ್ಣನವರ ಮಂತ್ರ ಬೀದಿಗೆ ಕೇಳಿಸುತ್ತಿತ್ತು. ತಮ್ಮನ್ನು ಕಾಯ್ದದ್ದು ರಾಮನೋ ಸೂಜಿಯೋ ಎಂಬುದು ಮಾತ್ರ ಅವರಿಗೆ ಬಗೆಹರಿಯಲಿಲ್ಲ. ಆ ಶನಿವಾರ ಪಾಷಾನನ್ನು ಗುಡಿಯ ಬಾಗಿಲಿಗೆ ಕರೆಸಿ, ಆ ಡಾಕ್ಟರ ಹೆಸರಿನಲ್ಲಿ ಅರ್ಚನೆ ಮಾಡಬೇಕಾಗಿದೆ, ಅವರ ನಕ್ಷತ್ರ ಯಾವುದೆಂದು ಕೇಳಿಕೊಂಡು ಬಾ ಎಂದು ಕಳಿಸಿದರು.