ಮೊಮ್ಮಗಳಿಗೆ ಕೇಳಲು ಹೋದ ಕೆಲಸ

ನನ್ನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಅವರು ತೀರಿಹೋಗಿ ಒಂಬತ್ತು ವರ್ಷವಾಯಿತು, ಹುಟ್ಟುವವರು ಇನ್ನೂ ಹುಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವು ನನ್ನ ಮೊಮ್ಮಗಳನ್ನಾಗಲಿ ಆ ಅಂಗಡಿಯವನನ್ನಾಗಲಿ ಬೈಯುವುದು ಬೇಡ.

ಮನೆಯಲ್ಲಿ ನಾವು ಮೂವರು, ಮೂವರೂ ಹೆಂಗಸರು. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ನಲವತ್ತೆರಡು ವರ್ಷ ದುಡಿದು ನಿವೃತ್ತಳಾದವಳು. ಕೊನೆಯ ಹದಿನೈದು ವರ್ಷ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು, ಹೊಲಿದು ಬಂದ ಅಂಗಿಗಳ ತಪ್ಪು ಹಿಡಿಯುವುದೇ ಕೆಲಸ. ತಪ್ಪು ಹಿಡಿಯುವುದಕ್ಕೆ ಸಂಬಳ ಬೇರೆ ಕೊಡುತ್ತಾರೆ ಎಂದರೆ ನನ್ನಂಥವಳಿಗೆ ಇನ್ನೇನು ಬೇಕಿತ್ತು. ನನ್ನ ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಾಳೆ. ಅವಳ ಮಗಳಿಗೆ ಹದಿನೇಳು ತುಂಬಿದೆ. ಹೆಸರು ಚೆನ್ನಾಗಿಯೇ ಇಟ್ಟಿದ್ದೇವೆ, ಆದರೆ ಎಷ್ಟು ತಿಂದರೂ ಮೈ ಹತ್ತದ ಹುಡುಗಿ, ಹಾಗಾಗಿ ನಾನು ಕರೆಯುವುದು ಕಡ್ಡಿ ಎಂದೇ.

ಕಡ್ಡಿಗೆ ಬಟ್ಟೆಯ ಹುಚ್ಚು. ಹನ್ನೊಂದು ವರ್ಷದವಳಿದ್ದಾಗ ಅವಳಮ್ಮನ ಒಳ್ಳೆಯ ಕೋಟಿನ ತೋಳು ಬಿಚ್ಚಿ ಹಾಕಿದ್ದಳು. ಯಾಕೆ ಎಂದರೆ, ತೋಳು ಭುಜಕ್ಕೆ ಹೇಗೆ ಕೂರುತ್ತದೆ ನೋಡಬೇಕಿತ್ತಂತೆ. ಈಗ ಶಾಲೆ ಮುಗಿದಿತ್ತು. ಪಟ್ಟಣದ ಇನ್ನೊಂದು ತುದಿಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಸುವ ತರಬೇತಿ ಶಾಲೆಯೊಂದಿದೆ. ಅದಕ್ಕೆ ಸೇರಬೇಕು, ಅದೊಂದೇ ಅವಳ ಆಸೆ. ಅಲ್ಲಿ ಅಂಕಪಟ್ಟಿಯನ್ನು ಅಷ್ಟಾಗಿ ಕೇಳುವುದಿಲ್ಲ. ಬಟ್ಟೆ, ದಾರ, ಹೊಲಿಗೆ ಇಂಥ ಯಾವುದಾದರೂ ಕಡೆ ಆರು ತಿಂಗಳು ಕೆಲಸ ಮಾಡಿರಬೇಕು, ಮಾಲೀಕರಿಂದ ಒಂದು ಪತ್ರ ತರಬೇಕು, ಅಷ್ಟೇ.

ಅಷ್ಟೇ ಎಂದುಕೊಂಡಿದ್ದೆವು. ಪರದೆ ಬಟ್ಟೆಯ ಅಂಗಡಿಯಲ್ಲಿ ಎರಡು ವರ್ಷದ ಅನುಭವ ಇರುವವರು ಬೇಕು ಎಂದರು. ಡ್ರೈಕ್ಲೀನಿಂಗ್‌ನವರು ಹದಿನೆಂಟಾದ ಮೇಲೆ ಬಾ ಎಂದರು. ಹಳೇ ಬಟ್ಟೆ ಸರಿಪಡಿಸುವ ಟೈಲರು ತಲೆಯೆತ್ತದೆಯೇ, "ನನ್ನ ಮಿಷನ್ ಮೇಲೆ ಕಲಿಯೋಕೆ ಬರಬೇಡಮ್ಮ, ಕಲಿತ್ಕೊಂಡು ಬಾ" ಎಂದ. ಎಲ್ಲಿ ಕಲಿಯಬೇಕು ಎಂದು ಇವಳು ಕೇಳಿದ್ದಕ್ಕೆ ಮಿಷನ್ ಇನ್ನಷ್ಟು ಜೋರಾಗಿ ತುಳಿದನಂತೆ. ನಾಲ್ಕನೆಯ ಕಡೆ ನಂಬರ್ ಬರೆದುಕೊಂಡರು. ಎರಡು ವಾರ ಹುಡುಗಿ ಸ್ನಾನಕ್ಕೂ ಫೋನ್ ಹಿಡಿದುಕೊಂಡೇ ಹೋದಳು. ಆ ಫೋನ್ ಬರಲಿಲ್ಲ.

ಅಷ್ಟರಲ್ಲಿ ಪೇಟೆಯ ಗುಂಡಿ, ದಾರ ಮಾರುವ ಅಂಗಡಿಯ ಗಾಜಿನ ಮೇಲೆ 'ಕೆಲಸಕ್ಕೆ ಬೇಕಾಗಿದ್ದಾರೆ' ಎಂಬ ಚೀಟಿ ಬಿತ್ತು. ತರಬೇತಿ ಶಾಲೆಗೆ ಅರ್ಜಿ ಕೊಡುವ ಕೊನೆಯ ದಿನಕ್ಕೆ ಆಗ ಆರೂವರೆ ತಿಂಗಳು ಉಳಿದಿತ್ತು. ಈ ಕೆಲಸ ಸಿಕ್ಕರೆ ಈ ವರ್ಷ ಸೇರಬಹುದು, ತಪ್ಪಿದರೆ ಇಲ್ಲ. ಕಡ್ಡಿ ಕನ್ನಡಿಯ ಮುಂದೆ ನಿಂತು ಹೇಳಬೇಕಾದದ್ದನ್ನೆಲ್ಲ ಹೇಳಿಕೊಂಡಳು. ನಾನು ಸೀರಿಯಸ್ಸಾಗಿ ಚಪ್ಪಲಿ ಹುಡುಕುತ್ತಿರುವುದನ್ನು ನೋಡಿ ತಿರುಗಿದಳು.

"ನೀನೆಲ್ಲಿಗೆ?"

"ನಿನ್ನ ಜೊತೆಗೆ. ಒಬ್ಬಳೇ ಹೋದ್ರೆ ನಿನ್ನನ್ನ ಮೂಸಿ ಕೂಡ ನೋಡಲ್ಲ ಅವ್ನು."

"ಬೇಡಜ್ಜಿ. ಅಜ್ಜಿ ಕರ್ಕೊಂಡು ಕೆಲಸ ಕೇಳೋಕೆ ಯಾರಾದ್ರೂ ಹೋಗ್ತಾರಾ?"

"ನಾನು ಹೊರಗೆ ನಿಂತಿರ್ತೀನಿ ಕಣೇ. ಉಸಿರೂ ಬಿಡಲ್ಲ."

ಹೊರಗೆ ನಿಂತೆ. ಬಿಸಿಲಿತ್ತು. ಬಿಸಿಲಿನ ನೆಪ ಸಾಕಾಯಿತು, ಎರಡು ನಿಮಿಷದಲ್ಲಿ ಒಳಗಿದ್ದೆ.

ಅಂಗಡಿ ಓಣಿಯ ಹಾಗೆ ಕಿರಿದು, ಉದ್ದ. ಒಂದು ಗೋಡೆಯ ತುಂಬ ನಂಬರಿನ ಪ್ರಕಾರ ಜೋಡಿಸಿದ ದಾರದ ಉಂಡೆಗಳು. ಎದುರು ಗೋಡೆಗೆ ಗುಂಡಿಯ ಪೆಟ್ಟಿಗೆಗಳು, ಪ್ರತಿಯೊಂದರ ಮೂತಿಗೆ ಒಂದೊಂದು ಗುಂಡಿ ಹೊಲಿದಿತ್ತು. ಕೌಂಟರಿನ ಅಂಚಿಗೆ ಬಟ್ಟೆ ಅಳೆಯುವ ಹಿತ್ತಾಳೆ ಪಟ್ಟಿ, ಮಧ್ಯದಲ್ಲಿ ತಿಕ್ಕಿ ತಿಕ್ಕಿ ಅದರ ಅಂಕಿಗಳು ಅಳಿಸಿಹೋಗಿದ್ದವು. ಹಗಲಲ್ಲೂ ಉರಿಯುವ ಟ್ಯೂಬ್‌ಲೈಟು. ಆ ದಾರದ, ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅಂಗಡಿಯವನಿಗೆ ಐವತ್ತರ ಒಳಗೆ. ಕನ್ನಡಕವನ್ನು ನೆತ್ತಿಯ ಮೇಲಿಟ್ಟುಕೊಂಡು ಕಡ್ಡಿಯನ್ನು ಕೇಳುತ್ತಿದ್ದ. "ಮೊದಲು ಎಲ್ಲಾದ್ರೂ ಕೆಲಸ ಮಾಡಿದ್ದೀಯಾ?"

"ಇಲ್ಲ ಸರ್. ಆದ್ರೆ ನಾನು ಬೇಗ..."

"ಮನೇಲಿ ಎಲ್ಲಾ ಹೊಲೀತಾಳೆ," ಎಂದೆ ನಾನು. "ನಾನೇ ಕಲಿಸಿದ್ದು. ಕಾರ್ಖಾನೇಲಿ ನಲವತ್ತೆರಡು ವರ್ಷ ಇದ್ದೆ ನಾನು."

ಅವನ ಕಣ್ಣು ನನ್ನ ಕಡೆ ಬಂತು. ಕಡ್ಡಿ ತುಟಿ ಕಚ್ಚಿಕೊಂಡಳು. ಅವನು ಕಡುನೀಲಿ ಬಟ್ಟೆಯ ತುಂಡೊಂದನ್ನು ಅವಳ ಮುಂದಿಟ್ಟ. ಒಬ್ಬ ಟೈಲರು ಬೆಳಿಗ್ಗೆ ಕೊಟ್ಟುಹೋದದ್ದಂತೆ, ಇದಕ್ಕೆ ದಾರ ಹೊಂದಿಸು ಎಂದ. ಅವಳು ಗೋಡೆಯಿಂದ ಎರಡು ಉಂಡೆ ತೆಗೆದು, ಬಟ್ಟೆಯನ್ನೂ ಹಿಡಿದು, ಬಾಗಿಲ ಕಡೆ ನಡೆದಳು. ಟ್ಯೂಬ್‌ಲೈಟಿನಲ್ಲಿ ನೀಲಿ ಬಣ್ಣವನ್ನು ನಂಬಬಾರದು, ಹಗಲು ಬೆಳಕಿನಲ್ಲೇ ನೋಡಬೇಕು. ಹಾಗೆಂದು ಅವಳಿಗೆ ಹೇಳಿಕೊಟ್ಟವಳೇ ನಾನು. ಆದರೆ ಅವಳು ನಿಧಾನವಾಗಿ ನಡೆಯುತ್ತಿದ್ದಳು, ಅಂಗಡಿಯವನು ಗಡಿಯಾರ ನೋಡಿದ, ಬೇರೆ ಗಿರಾಕಿ ಬಂದು ನಿಂತರು. ಹುಡುಗಿ ಮಂಕು ಎಂದುಕೊಂಡುಬಿಡುತ್ತಾನೆ ಎಂದು ನನಗೆ ಜೀವ ಹಾರಿಹೋಯಿತು. ಕೈ ಚಾಚಿ ಒಂದು ಉಂಡೆ ಎಳೆದು ಕೌಂಟರಿನ ಮೇಲಿಟ್ಟೆ.

"ಇದು ನೋಡಿ."

"ಪರವಾಗಿಲ್ವೇ ಅಮ್ಮ!" ಎಂದ ಅಂಗಡಿಯವನು.

ಬಂದಿದ್ದ ಹೆಂಗಸು ದಪ್ಪ ಜಾಕೆಟ್ಟಿಗೆ ಯಾವ ಜಿಪ್ ಎಂದು ಅವನನ್ನು ಕೇಳಿದಳು, ನಾನು ಹೇಳಿದೆ. ಒಳಪದರಕ್ಕೆ ಎಷ್ಟು ಬಟ್ಟೆ ಬೇಕು ಎಂದಳು, ಅದನ್ನೂ ಹೇಳಿದೆ. ಅವಳು ಮೂರು ಸಾಮಾನು ಹೆಚ್ಚಿಗೆ ಕೊಂಡು ಹೋದಳು. ಕಡ್ಡಿ ಬಾಗಿಲಿಂದ ವಾಪಸು ಬರುವಷ್ಟರಲ್ಲಿ ಅಂಗಡಿಯವನು ನನಗೆ ತನ್ನ ಸೊಂಟನೋವಿನ ಕಥೆ ಹೇಳುತ್ತಿದ್ದ.

"ನೀವೇ ಬಂದ್ಬಿಡಿ ಅಮ್ಮ, ನಾಳೆಯಿಂದ," ಎಂದ. "ಈ ವಯಸ್ಸಿನ ಮಕ್ಕಳನ್ನ ಇಟ್ಕೊಂಡು ಸಾಕಾಗಿದೆ. ಮೂರು ತಿಂಗಳು ನಾನು ಕಲಿಸ್ಬೇಕು, ನಾಲ್ಕನೇ ತಿಂಗಳು ಅವರು ಓಡ್ತಾರೆ."

ನಾನು ನಕ್ಕೆ. "ನಾನಾ? ಈ ವಯಸ್ಸಲ್ಲಾ?" ಎಂದೆ. ಎಂದು ಮೊಮ್ಮಗಳ ಕಡೆ ನೋಡಿದೆ. ಅವಳು ಎರಡು ಉಂಡೆಗಳನ್ನೂ ನಂಬರ್ ನೋಡಿ ಅವವುಗಳ ಜಾಗದಲ್ಲೇ ಇಡುತ್ತಿದ್ದಳು.

"ಹೋಗಜ್ಜಿ," ಎಂದಳು. "ನಿಂಗೆ ಚೆನ್ನಾಗಿರತ್ತೆ."

ನಾನು ಆಯಿತು ಎಂದೆ.

ದಾರಿಯುದ್ದಕ್ಕೂ ಸಮಜಾಯಿಷಿ ಕೊಟ್ಟೆ. ಮೊದಲು ನಾನು ಕಾಲಿಡುತ್ತೇನೆ, ಹದಿನೈದು ದಿನದಲ್ಲಿ ನಿನ್ನನ್ನು ಎಳೆದುಕೊಳ್ಳುತ್ತೇನೆ, ಹಾಗೆ ಹೀಗೆ. ಅವಳು ಹೂಂ ಎಂದಳು. ರಾತ್ರಿ ಊಟಕ್ಕೆ ಕೂತಾಗ ವಿಷಯ ತಿಳಿದ ನನ್ನ ಮಗಳು ಒಂದೇ ಮಾತು ಕೇಳಿದಳು. "ನೀನ್ಯಾಕಮ್ಮ ಒಳಗೆ ಹೋದೆ?" ಬಿಸಿಲಿತ್ತು ಎಂದೆ.

ನಿಜ ಹೇಳಿಬಿಡುತ್ತೇನೆ, ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಕಾರ್ಖಾನೆ ಬಿಟ್ಟ ಆರು ವರ್ಷದಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮಾತ್ರೆ ತಗೊಂಡೆಯಾ, ಬಾಗಿಲು ಹಾಕಿದೆಯಾ, ಇಷ್ಟು ಬಿಟ್ಟರೆ ನನ್ನ ಹತ್ತಿರ ಯಾರಿಗೂ ಕೆಲಸವಿರಲಿಲ್ಲ. ಈಗ ಟೈಲರುಗಳು ಬಂದು, "ಅಮ್ಮ ಇಲ್ವಾ?" ಎಂದು ಅಂಗಡಿಯವನನ್ನೇ ಕೇಳುತ್ತಿದ್ದರು. ಬೆಳಿಗ್ಗೆ ಏಳುವಾಗ ಮಂಡಿ ನೋಯುವುದೂ ಗೊತ್ತಾಗುತ್ತಿರಲಿಲ್ಲ.

ಎರಡನೇ ವಾರದಲ್ಲಿ ಆ ಕಡುನೀಲಿ ಬಟ್ಟೆಯ ಟೈಲರು ದಾರದ ಉಂಡೆ ಹಿಡಿದುಕೊಂಡು ಬಂದ. ಬಿಸಿಲಲ್ಲಿ ನೋಡಿದರೆ ನೇರಳೆ ಹೊಡೆಯುತ್ತದೆ, ಇಡೀ ಕೋಟು ಬಿಚ್ಚಿ ಹೊಲಿಯಬೇಕಾಯಿತು ಎಂದು ಕೂಗಾಡಿದ. ನಾನು ಆರಿಸಿಕೊಟ್ಟ ಉಂಡೆ ಅದು. ಇವತ್ತಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಅಂಗಡಿಯವನು ಬೇರೆ ಉಂಡೆ ಕೊಟ್ಟು ಕಳಿಸಿ ನನ್ನ ಕಡೆ ತಿರುಗಿ ನಕ್ಕ. "ಆಗತ್ತೆ ಬಿಡಿ ಅಮ್ಮ. ಅನುಭವಸ್ಥರಿಗೂ ಒಮ್ಮೊಮ್ಮೆ ಕಣ್ಣು ತಪ್ಪತ್ತೆ."

ಆ ತಪ್ಪನ್ನು ಕಡ್ಡಿ ಮಾಡಿದ್ದರೆ? ಅವಳು ಮಾಡುತ್ತಿರಲಿಲ್ಲ, ಆ ಮಾತು ಬೇರೆ. ಮಾಡಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದ. ನಾನು ಹದಿನಾರಕ್ಕೆ ಕಾರ್ಖಾನೆ ಸೇರಿದಾಗ ನನಗೆ ಏನು ಬರುತ್ತಿತ್ತು? ಮೊದಲ ವಾರವೇ ಒಂದು ಬುಟ್ಟಿ ಕಾಲರುಗಳನ್ನು ತಲೆಕೆಳಗಾಗಿ ಹೊಲಿದಿದ್ದೆ. ಮೇಲ್ವಿಚಾರಕಿ ಕಿವಿ ಕಿವುಡಾಗುವ ಹಾಗೆ ಬೈದರು, ಆಮೇಲೆ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡು, "ಬಿಚ್ಚು, ಮತ್ತೆ ಹೊಲಿ" ಎಂದರು. ಸಂಜೆಯವರೆಗೆ ಬಿಚ್ಚಿದೆ, ಹೊಲಿದೆ. ನನಗೆ ಕೆಲಸ ಬಂದದ್ದು ಹಾಗೆ. ಅನುಭವ ಇದೆಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನೇರಳೆ ದಾರದ ಸುದ್ದಿಯನ್ನು ನಾನು ಮನೆಯಲ್ಲಿ ಬಾಯಿಬಿಡಲಿಲ್ಲ. ನನಗೆ ಆ ಹುಡುಗಿಯ ಮುಂದೆ ಸಣ್ಣವಳಾಗುವುದು ಬೇಕಿರಲಿಲ್ಲ.

ಅವಳ ವಿಷಯವನ್ನು ಅಂಗಡಿಯವನ ಹತ್ತಿರ ಎರಡು ಸಲ ಎತ್ತಿದೆ. "ನೀವಿರುವಾಗ ಇನ್ನೊಬ್ಬರು ಯಾಕಮ್ಮ?" ಎಂದ ಎರಡು ಸಲವೂ. ಹಾಗಾದರೆ ನಾನು ಬಿಡುತ್ತೇನೆ, ಅವಳನ್ನು ಹಾಕಿಕೊಳ್ಳಿ ಎಂದು ಹೇಳಬಹುದಿತ್ತು. ಮಾತು ಗಂಟಲವರೆಗೆ ಬಂದದ್ದೂ ಉಂಟು. ಮುಂದಿನ ವಾರ ಹೇಳಿದರಾಯಿತು, ಹೊಸ ಸರಕು ಬಂದು ಜೋಡಿಸಿದ ಮೇಲೆ ಹೇಳಿದರಾಯಿತು ಎಂದು ದಿನ ದೂಡಿದೆ.

ಚೀಟಿ ತೆಗೆದಿದ್ದರೂ ಕೆಲಸ ಕೇಳಿಕೊಂಡು ಬರುವವರು ನಿಲ್ಲಲಿಲ್ಲ. ಎಲ್ಲ ಹದಿನಾರು, ಹದಿನೇಳು, ಹದಿನೆಂಟರ ಮಕ್ಕಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬರುತ್ತಿದ್ದರು. ಅಂಗಡಿಯವನಿಗೆ ಪುರುಸೊತ್ತಿಲ್ಲದಾಗ ನಾನೇ ಮಾತಾಡಿ ಕಳಿಸಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಒಬ್ಬ ಹುಡುಗಿ ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು, ಮನೆಯಲ್ಲಿ ಹೇಳಿಕೊಂಡು ಬಂದದ್ದು ಎಂದು ಯಾರಿಗಾದರೂ ತಿಳಿಯುವಂತಿತ್ತು. ನಾನು ಬಟ್ಟೆ ಅಳೆಯುತ್ತ, ತಲೆಯೆತ್ತದೆ, "ಅನುಭವ ಇದೆಯಾ?" ಎಂದೆ. ಅಂದ ಮೇಲೆ ತಲೆಯೆತ್ತಿದೆ. ಅವಳು ಆಗಲೇ ಬಾಗಿಲು ದಾಟಿದ್ದಳು. ಆವತ್ತು ಅಳತೆ ಎರಡು ಸಲ ತಪ್ಪಿತು.

ಅರ್ಜಿಗೆ ನಾಲ್ಕು ದಿನ ಉಳಿದಾಗ ನಾನೊಂದು ಉಪಾಯ ಹೂಡಿದೆ. ಮೊಮ್ಮಗಳು ಆರು ತಿಂಗಳು ಇಲ್ಲಿ ಕೆಲಸ ಮಾಡಿದಳು ಎಂದು ಒಂದು ಪತ್ರ ಕೊಡಿ ಎಂದು ಅಂಗಡಿಯವನನ್ನು ಕೇಳಿದೆ. ಪಾಪ, ಅವನು ಮರುಮಾತಾಡಲಿಲ್ಲ. ಒಳ್ಳೆಯ ನಡತೆ, ಚುರುಕು, ಬಣ್ಣಗಳ ಜ್ಞಾನ ಎಂದೆಲ್ಲ ಬರೆದು ಮೊಹರು ಒತ್ತಿದ. ನಾನು ಅದನ್ನು ಮಡಚದೆ, ಒಂದು ರಟ್ಟಿನ ಮೇಲಿಟ್ಟುಕೊಂಡು ಮನೆಗೆ ತಂದೆ.

ಕಡ್ಡಿ ಅವಳಮ್ಮನ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಪತ್ರವನ್ನು ಎರಡು ಸಲ ಓದಿದಳು.

"ಇದು ನಿನ್ನ ಪತ್ರ ಅಜ್ಜಿ," ಎಂದಳು. "ಆರು ತಿಂಗಳು ಅಲ್ಲಿ ನಿಂತಿದ್ದು ನೀನು."

"ಯಾರಿಗೆ ಗೊತ್ತಾಗತ್ತೆ? ತಗೊಂಡು ಹೋಗಿ ಕೊಡು, ಸುಮ್ನೆ."

"ಅವರು ಕೂರಿಸ್ಕೊಂಡು ಕೇಳ್ತಾರಂತೆ. ದಿನಾ ಏನು ಮಾಡ್ತಿದ್ದೆ, ಏನು ಕಲಿತೆ ಅಂತ. ಏನು ಹೇಳ್ಲಿ? ಕೆಲಸ ನಮ್ಮಜ್ಜಿ ಮಾಡ್ತಿದ್ರು, ನಾನು ಅವರಿಗೆ ಊಟದ ಡಬ್ಬಿ ಕಟ್ಟಿ ಕಳಿಸ್ತಿದ್ದೆ ಅಂತಾನಾ?"

ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು. ನನಗೆ ಅಳು ಬಂತು, ಅಳುವಿನ ಜೊತೆಗೆ ಸಿಟ್ಟೂ ಬಂತು. "ಮತ್ತೆ ಅವತ್ತು ನೀನೇ ಅಲ್ವೇನೇ ಹೋಗು ಅಂದಿದ್ದು?" ಎಂದೆ.

"ಹೌದು, ಅಂದೆ. ಅಂಗಡಿಯವನು ನೀವೇ ಬಂದ್ಬಿಡಿ ಅಂದಾಗ ನಾನು ನಿನ್ನ ಮುಖ ನೋಡ್ದೆ. ಅಜ್ಜ ಹೋದಮೇಲೆ ನೀನು ಅಷ್ಟು ಖುಷಿಪಟ್ಟಿದ್ದು ನಾನು ನೋಡೇ ಇರ್ಲಿಲ್ಲ." ಪತ್ರವನ್ನು ಮೇಜಿನ ಮೇಲಿಟ್ಟು ಇಸ್ತ್ರಿ ಮತ್ತೆ ಕೈಗೆತ್ತಿಕೊಂಡಳು. "ಆದ್ರೆ ನೀನು ಬೇಡ ಅಂತೀಯ ಅಂದ್ಕೊಂಡಿದ್ದೆ."

ಅವಳು ಕಾಲರನ್ನು ಒಳಗಿನಿಂದ ಹೊರಗೆ ತಿಕ್ಕಿದಳು, ನಾನು ಕಲಿಸಿದ ಹಾಗೆಯೇ. ನಾನು ಪತ್ರವನ್ನು ರಟ್ಟಿನ ಸಮೇತ ಎತ್ತಿ ಬೀರುವಿನಲ್ಲಿಟ್ಟೆ.

ಅರ್ಜಿಯ ದಿನ ಕಳೆದುಹೋಯಿತು. ಅದರ ಮರುದಿನ ಬೆಳಿಗ್ಗೆ, ನಾನಿನ್ನು ಅಂಗಡಿಗೆ ಹೋಗುವುದಿಲ್ಲ ಎಂದೆ. ಬಹಳ ದೊಡ್ಡ ಮಾತೆಂಬಂತೆ ಹೇಳಿದೆ. ಕಡ್ಡಿ ಅಡುಗೆಮನೆಯಿಂದ ಬಂದು, ಕಟ್ಟಿದ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿದಳು.

"ನೀನು ಈಗ ಹೋಗ್ದಿದ್ರೆ ನಂಗೇನು ಸಿಗತ್ತಜ್ಜಿ?" ಎಂದಳು. ಚುಚ್ಚಲಿಕ್ಕೆ ಕೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಒಂಬತ್ತೂವರೆಗೆ ಅಂಗಡಿ ತೆರೆಯಬೇಕಿತ್ತು. ಚೀಲ ತಗೊಂಡು ಹೊರಟೆ.